ನಲವತ್ತೊಂದನೇ ಪ್ಲಾಟಿನ ವರದಿ

“ರಗಡ ಅನ್ನೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ್ರಿ ಮೇಡಂ?”

ಪ್ರಶ್ನೆ ಬಂದದ್ದು ಬಾಗಿಲಿನ ಹೊರಗಿನಿಂದ. ಒಳಗೆ ಕುಳಿತಿದ್ದ ಹದಿನಾಲ್ಕು ಜನ ಒಟ್ಟಿಗೆ ಹೊರಳಿ ನೋಡಿದರು.

ದೀಪಿಕಾ ಹೊರಳಲಿಲ್ಲ. ಬೋರ್ಡಿನ ಮೇಲೆ ಓಡುತ್ತಿದ್ದ ಅವಳ ಸೀಮೆಸುಣ್ಣ ಮಾತ್ರ ಅರ್ಧಕ್ಕೆ ನಿಂತಿತು. ಕ್ಲಾಸು ಸಂಜೆ ಆರು ಗಂಟೆಗೆ. ಈಗ ಆರೂ ಕಾಲು. ತಡವಾಗಿ ಬಂದವರು ಹೊರಗೇ ನಿಲ್ಲಬೇಕು ಎಂಬುದು ಅವಳ ನಿಯಮ. ಇವನು ನಿಂತಿದ್ದೇನೋ ಸರಿ, ನಿಂತಲ್ಲಿಂದಲೇ ಪ್ರಶ್ನೆ ಬೇರೆ ಕೇಳುತ್ತಿದ್ದಾನೆ!

“ಆರು ಅಂದ್ರ ಆರು. ತಡಾ ಮಾಡಿ ಬಂದವರಿಗೆ ಒಳಗ ಜಾಗಾ ಇಲ್ಲ.”

“ಜಾಗಾ ಕೇಳಲಿಲ್ರಿ ನಾ. ಇಂಗ್ಲಿಷ್ ಕೇಳಿದೆ. ಅದು ಇಲ್ಲಿತನಕಾನೂ ಕೇಳಸ್ತೈತಿ.”

ಹದಿನಾಲ್ಕು ಜನರೂ ನಕ್ಕರು. ಆಗ ಅವಳು ತಿರುಗಿದಳು.

ಇಪ್ಪತ್ತೇಳರ ಆಸುಪಾಸಿನ ಯುವಕ. ಮೊಣಕಾಲಿನವರೆಗೆ ಎರೆಮಣ್ಣು. ತೋಳಿನ ಮೇಲೆ ಹಳದಿ ಪುಡಿ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಮುಖದಲ್ಲಿ ತುಂಟತನವೇನೂ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕಾದವನ ಹಾಗೆ ಅವಳನ್ನೇ ನೋಡುತ್ತಿದ್ದ.

ದೀಪಿಕಾಳ ಎದೆಯಲ್ಲಿ ಏನೋ ಚುರುಕ್ ಎಂದಿತು. ಅದು ಸಿಟ್ಟು ಎಂದುಕೊಂಡಳು. ಆ ಚುರುಕನ್ನು ಸಿಟ್ಟೆಂದು ತಿಳಿದ ಹೆಣ್ಣುಮಕ್ಕಳು ರಾಣೆಬೆನ್ನೂರಿನಲ್ಲಿ ಇವಳೊಬ್ಬಳೇ ಅಲ್ಲ ಬಿಡಿ.

“ಮಾತಾಡೂವಾಗ ಲಾಟ್ಸ್ ಆಫ್ ಅನ್ರಿ, ಪ್ಲೆಂಟಿ ಆಫ್ ಅನ್ರಿ. ಸಾಕಾ?”

“ಬರಿಯೂವಾಗ?”

ಅಂದಿನ ಪಾಠವೇ ಅದು! ಬೋರ್ಡನ್ನು ಎರಡು ಭಾಗ ಮಾಡಿ ಎಡಕ್ಕೆ ‘ಆಡುವುದು’, ಬಲಕ್ಕೆ ‘ಬರೆಯುವುದು’ ಎಂದು ಆಗಲೇ ಬರೆದಿದ್ದಳು.

“ಅದನ್ನ ಕೇಳಬೇಕಂದ್ರ ನಾಳೆ ಆರಕ್ಕ ಬರ್ರಿ,” ಎಂದು ಬಾಗಿಲು ಹಾಕಿದಳು.

ಮರುದಿನ ಐದೂ ಐವತ್ತಕ್ಕೆ ಅವನು ಮೊದಲ ಬೆಂಚಿನಲ್ಲಿದ್ದ.

*

ಇದು ಎರಡು ಸಾವಿರದ ಐದರ ಜುಲೈ ತಿಂಗಳ ಮಾತು. ಮಲ್ಲಿಕಸಾಬನ ಟೇಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ದೀಪಿಕಾಳ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಹೊರಗಿನ ನಾಮಫಲಕದ ಮೇಲೆ ‘ದೀಪಿಕಾ, ಎಂ.ಎ., ಧಾರವಾಡ’ ಎಂದಿತ್ತು. ಹಾಗಾಗಿ ಎಲ್ಲರೂ ಅವಳನ್ನು ಧಾರವಾಡದವಳೆಂದೇ ನಂಬಿದ್ದರು. ಅವಳೂ ತಿದ್ದಲು ಹೋಗಲಿಲ್ಲ. ಹತ್ತಿರದ ಹಲಗೇರಿಯ ಹುಡುಗಿ ಇಂಗ್ಲಿಷ್ ಕಲಿಸುತ್ತಾಳೆಂದರೆ ರಾಣೆಬೆನ್ನೂರಿನ ಜನ ಮೆಟ್ಟಿಲು ಹತ್ತುವ ಮುಂಚೆ ಎರಡು ಸಲ ಯೋಚಿಸುತ್ತಿದ್ದರು. ವಾರವಿಡೀ ಸೋದರತ್ತೆ ಹೊನ್ನವ್ವನ ಮನೆಯಲ್ಲಿದ್ದು, ಭಾನುವಾರ ಮಾತ್ರ ಊರಿಗೆ ಹೋಗಿ ಬರುತ್ತಿದ್ದಳು.

ತಡವಾಗಿ ಬಂದವನ ಹೆಸರು ಮೈಲೇಶ. ಹೊಸರಿತ್ತಿಯವನು. ಒಂದು ಬೀಜದ ಕಂಪನಿಯಲ್ಲಿ ಪ್ಲಾಟ್ ಇನ್‌ಸ್ಪೆಕ್ಟರ್. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಕೈಯಾರೆ ಮುಟ್ಟಿಸಿ ಹೈಬ್ರಿಡ್ ಮೆಣಸಿನ ಬೀಜ ತೆಗೆಯುವ ರೈತರು ಆ ಸೀಮೆಯಲ್ಲಿ ಮನೆಗೊಬ್ಬರಂತೆ ಇದ್ದಾರೆ. ಪ್ಲಾಟು ಎಂದು ಕರೆಯುವ ಅಂಥ ಹೊಲಗಳನ್ನು ನೋಡಿ, ಎಲ್ಲ ಸರಿಯಿದೆಯೇ ಇಲ್ಲವೇ ಎಂದು ಹಾವೇರಿಯ ಆಫೀಸಿಗೆ ವರದಿ ಕೊಡುವುದು ಅವನ ಕೆಲಸ. ಆ ವರ್ಷದಿಂದ ವರದಿ ಇಂಗ್ಲಿಷಿನಲ್ಲೇ ಇರಬೇಕೆಂದು ಹುಕುಂ ಬಂದಿತ್ತು. ಅವನು ಮೆಟ್ಟಿಲು ಹತ್ತಿದ್ದು ಅದಕ್ಕೆ.

“ಮನ್ಯಾಗ ರಗಡ ಐತಿ ಅಂತೀವಿ,” ಎಂದು ದೀಪಿಕಾ ವಿವರಿಸುತ್ತಿದ್ದಳು. “ಅರ್ಜ್ಯಾಗ ಹಂಗ ಬರೀತೀವೇನು? ಹೇರಳ ಅಂತೀವಿ. ಇಂಗ್ಲಿಷ್‌ನ್ಯಾಗೂ ಹಂಗ. ಗೆಳ್ಯಾರಿಗೆ ಲಾಟ್ಸ್ ಆಫ್. ಆಫೀಸಿಗೆ ಎ ಗ್ರೇಟ್ ಡೀಲ್ ಆಫ್. ಎಣಿಸಾಕ ಬರೂದಿದ್ರ ಎ ಲಾರ್ಜ್ ನಂಬರ್ ಆಫ್, ಎ ಕನ್ಸಿಡರಬಲ್ ನಂಬರ್ ಆಫ್.”

ಮೈಲೇಶ ಕೈ ಎತ್ತಿದ.

“ಎಣಿಸಾಕ ಬರೂದನ್ನ ಎಣಿಸೇ ಬಿಟ್ರ ಈ ಮಾತು ಯಾಕ ಬೇಕ್ರಿ?”

ಕ್ಲಾಸು ಮತ್ತೆ ನಕ್ಕಿತು. ದೀಪಿಕಾ “ಪರೀಕ್ಷಾದಾಗ ಕೇಳ್ತಾರ, ಅದಕ್ಕ,” ಎಂದು ಹಾರಿಸಿಬಿಟ್ಟಳು.

ಆದರೆ ಅತ್ತೆಯ ಮನೆಗೆ ನಡೆದು ಹೋಗುವಾಗ ಆ ಪ್ರಶ್ನೆ ಅವಳ ಜೊತೆಗೇ ಬಂತು. ಪ್ರಶ್ನೆಯ ಜೊತೆಗೆ ಕೇಳಿದವನೂ ಬಂದ!

‘ಛೇ… ಅವನ್ಯಾಕ ನೆನಪಾಗ್ಬೇಕು ನನಗ?’

ನೆನಪಾದ. ಜುಲೈ ಹೋಗಿ ಆಗಸ್ಟ್ ಬಂತು, ಆಗಲೂ ನೆನಪಾದ. ಆರು ಗಂಟೆಗೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ಅದು ಯಾರದೆಂದು ಅವಳಿಗೆ ನೋಡದೆಯೇ ತಿಳಿಯತೊಡಗಿತು. ಎಂದಾದರೂ ಆ ಸಪ್ಪಳ ಕೇಳದಿದ್ದರೆ ಪಾಠ ಬೇಗ ಮುಗಿಯುತ್ತಿತ್ತು. ಇವಳಿಗೆ ಅವನೆಂದರೆ ಇಷ್ಟವಾಗಿತ್ತು, ಅವನಿಗೆ ಇವಳೆಂದರೆ ಜೀವವೇ ಆಗಿತ್ತು. ಇಬ್ಬರೂ ಮಾತಾಡುತ್ತಿದ್ದುದು ಮಾತ್ರ ಬರೀ ವ್ಯಾಕರಣ.

*

ದೀಪಿಕಾಳ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಪುಸ್ತಕದ ಅಭ್ಯಾಸ ಅವಳು ಕೊಡುತ್ತಿರಲಿಲ್ಲ. ಯಾರಿಗೆ ಏನು ಬರೆಯಬೇಕಾಗಿದೆಯೋ ಅದನ್ನೇ ಬರೆದು ತರಬೇಕು. ಒಬ್ಬರು ಬ್ಯಾಂಕಿಗೆ ಅರ್ಜಿ, ಇನ್ನೊಬ್ಬರು ಮಗಳ ಶಾಲೆಗೆ ಪತ್ರ. ಮೈಲೇಶ ತನ್ನ ವರದಿಗಳ ಕರಡು ತರುತ್ತಿದ್ದ. ಅದರಲ್ಲಿ ರೈತನ ಹೆಸರಾಗಲಿ ಊರಿನ ಹೆಸರಾಗಲಿ ಇರುತ್ತಿರಲಿಲ್ಲ. ಬೇರೆ ಕಂಪನಿಯವರು ರೈತರನ್ನು ಸೆಳೆದುಕೊಂಡಾರೆಂಬ ಭಯಕ್ಕೆ ಕಂಪನಿ ಬರೀ ಪ್ಲಾಟಿನ ನಂಬರು ಹಾಕಿಸುತ್ತಿತ್ತು.

ಸೆಪ್ಟೆಂಬರಿನ ಎರಡನೇ ವಾರ ಅವನು ನಲವತ್ತೊಂದನೇ ಪ್ಲಾಟಿನ ಕರಡು ತಂದ. ಅವತ್ತು ಓಡಿ ಬಂದಿದ್ದ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಗಡಿಯಾರದಲ್ಲಿ ಆರಕ್ಕೆ ಒಂದು ನಿಮಿಷ ಬಾಕಿಯಿತ್ತು.

ಪ್ಲಾಟಿನ ಸನಿಹ ಬೇರೆ ಜಾತಿಯ ಮೆಣಸಿನ ಗಿಡ ಇರಬಾರದು. ಇದ್ದರೆ ಹುಳುಹುಪ್ಪಟೆ ಅಲ್ಲಿಯ ಪುಡಿಯನ್ನು ಇಲ್ಲಿಗೆ ತಂದು ಬೀಜ ಕೆಡಿಸುತ್ತದೆ. ಅದರ ಬಗ್ಗೆ ಮೈಲೇಶ ತನ್ನ ಇಂಗ್ಲಿಷಿನಲ್ಲಿ, ಬೇರೆ ಮೆಣಸಿನ ಗಿಡಗಳು ‘ಲಾಟ್ಸ್ ಆಫ್’ ಇವೆ ಎಂದು ರೈತರ ಮನೆಯ ಹೆಣ್ಣುಮಗಳು ಹೇಳಿದಳು, ಎಂದು ಬರೆದಿದ್ದ.

ದೀಪಿಕಾ ಕೆಂಪು ಪೆನ್ನು ತೆಗೆದಳು.

“ಲಾಟ್ಸ್ ಆಫ್ ಆಡೂ ಮಾತು. ಎ ಕನ್ಸಿಡರಬಲ್ ನಂಬರ್ ಆಫ್ ಅಂತ ಬರೀರಿ. ಮತ್ತ ಇದೇನಿದು, ಮನಿ ಹೆಣ್ಣುಮಗಳು ಹೇಳಿದಳು? ವರದ್ಯಾಗ ಹಂಗ ಬರೀಬಾರದು. ಕಟ್ಟಿಮ್ಯಾಗಿನ ಮಾತು ಆಗ್ತೈತಿ. ‘ಕಂಡುಬಂದಿವೆ’ ಅಂತ ಬರದ್ರ ತೂಕ ಬರ್ತೈತಿ.”

“ಆದ್ರ ನಾ ಕಂಡಿಲ್ಲಲ್ರಿ…”

“ಗಿಡ ಅದಾವೋ ಇಲ್ಲೋ?”

“ಅದಾವ ಅಂದ್ರು.”

“ಅದಾವ ಅಂದಮ್ಯಾಗ ಕಂಡುಬಂದಂಗ ಆತು. ಬರೀರಿ.”

ಅವನು ಅವಳ ಮುಖ ನೋಡಿದ. ಅಷ್ಟು ಹತ್ತಿರದಿಂದ ನೋಡಿದರೆ ಮನುಷ್ಯನಿಗೆ ವಾದ ಮಾಡಲು ಆಗುವುದಿಲ್ಲ. ಬರೆದುಕೊಂಡ.

*

ಭಾನುವಾರ ಹಲಗೇರಿಗೆ ಹೋದಾಗ ಅಪ್ಪ ಭರಮಣ್ಣ ಜಗುಲಿಯ ಮೇಲೆ ಒಂದು ಲಕೋಟೆ ಹಿಡಿದುಕೊಂಡು ಕೂತಿದ್ದ.

“ಬಂದೇನವ್ವಾ? ಇದನ್ನೊಂದೀಟು ಓದಿ ಹೇಳು. ಇಂಗ್ಲಿಷ್‌ನ್ಯಾಗ ಐತಿ.”

ಹದಿನೈದು ವರ್ಷಗಳಿಂದ ಭರಮಣ್ಣ ಬೀಜದ ಪ್ಲಾಟು ಮಾಡುತ್ತಿದ್ದ. ಒಂದು ಸಲವೂ ಅವನ ಪ್ಲಾಟು ಫೇಲಾಗಿರಲಿಲ್ಲ. ಊರಲ್ಲಿ ಹೊಸದಾಗಿ ಬೀಜ ಮಾಡುವವರು ಮೊದಲು ಬಂದು ಅವನ ಹೊಲದ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದರು. ಅವನಿಗಿದ್ದ ದೊಡ್ಡಸ್ತಿಕೆ ಅದೊಂದೇ.

ದೀಪಿಕಾ ಓದಿದಳು. ಮೊದಲ ಸಾಲಿನಲ್ಲಿ ಪ್ಲಾಟಿನ ನಂಬರಿತ್ತು. ನಲವತ್ತೊಂದು.

ಎರಡನೇ ಸಾಲನ್ನು ಅವಳು ಎರಡು ಸಲ ಓದಿದಳು. ‘ಎ ಕನ್ಸಿಡರಬಲ್ ನಂಬರ್ ಆಫ್…’ ಅದು ಅವಳ ಸಾಲು! ಒಂದಕ್ಷರ ಆಚೀಚೆ ಇಲ್ಲದೆ ಅವಳದೇ ಸಾಲು!

“ಏನಂತ ಬರದಾರ?”

“ಅಪ್ಪಾ… ಸುತ್ತ ಬ್ಯಾರೆ ಮೆಣಸಿನ ಗಿಡ ಭಾಳ ಅದಾವಂತ. ಪ್ಲಾಟ್ ರಿಜೆಕ್ಟ್ ಮಾಡ್ಯಾರ. ಬರೂ ಶನಿವಾರ ಮಂದಿ ಬಂದು ಗಿಡಾ ಎಲ್ಲಾ ಕೀಳ್ತಾರಂತ.”

ಭರಮಣ್ಣ ಹೆಗಲ ಮೇಲಿನ ಟವೆಲು ತೆಗೆದು ಮತ್ತೆ ಹಾಕಿಕೊಂಡ.

ಒಳಗಿನಿಂದ ಅವ್ವ ಜಯವ್ವ ಓಡಿ ಬಂದಳು. “ಎಲ್ಲಿ ಅದಾವ ಬ್ಯಾರೆ ಗಿಡ? ಹೊಲದ ಸುತ್ತ ಒಂದ ಗಿಡ ಇದ್ರ ನನ್ನ ಕಿವಿ ಕೊಯ್ದ ಕೊಡ್ತೀನಿ!”

“ಮತ್ತ ನೀನ ಹೇಳಿದೆಂತಲ್ಲ? ರೈತರ ಮನಿ ಹೆಣ್ಣುಮಗಳು ಹೇಳಿದ್ಲು ಅಂತ…” ಎಂದ ದೀಪಿಕಾ ನಾಲಿಗೆ ಕಚ್ಚಿಕೊಂಡಳು. ಆ ಮಾತು ಪತ್ರದಲ್ಲಿ ಇರಲಿಲ್ಲ. ಅದನ್ನು ಹೊಡೆದು ಹಾಕಿದವಳು ಅವಳೇ.

ಜಯವ್ವ ಅದನ್ನು ಗಮನಿಸಲಿಲ್ಲ. ನೆನಪು ಮಾಡಿಕೊಂಡಳು. “ಕಂಪನಿ ಹುಡುಗ ಬಂದಿದ್ದ. ಸಂಜಿಮುಂದ ನಾ ಹೊಲದಾಗ ಒಬ್ಬಾಕೆ ಇದ್ದೆ. ಬ್ಯಾರೆ ಮೆಣಸಿನ ಗಿಡ ಅದಾವೇನ್ರಿ ಯವ್ವಾ ಅಂದ. ಮನಿ ಖಾರಕ್ಕ ಬ್ಯಾಡಗಿ ಗಿಡ ಅದಾವಪ್ಪಾ, ರಗಡ ಅದಾವ, ಬೇಕಂದ್ರ ಒಯ್ಯಿ ಅಂದೆ.”

“ರಗಡ?” ಎಂದ ಭರಮಣ್ಣ. “ಹಿತ್ತಲದಾಗ ಡಬ್ಬ್ಯಾಗ ಹಚ್ಚಿದ್ದು ಆರು ಗಿಡ!”

“ಮನಿ ಖಾರದ ಮಾತದು! ಸ್ವಲ್ಪ ಐತಿ ಅಂತ ಬಾಯಿಲೆ ಅನ್ಲೇನು?”

ಓದುಗರಿಗೆ ಇದನ್ನು ಹೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಮನೆಯ ಕಾಳುಕಡಿ, ಉಪ್ಪು, ಖಾರದ ಬಗ್ಗೆ ‘ಇಲ್ಲ’ ಎನ್ನುವುದಿಲ್ಲ, ‘ಸ್ವಲ್ಪ’ ಎನ್ನುವುದಿಲ್ಲ. ಡಬ್ಬಿಯ ತಳ ಕಾಣುತ್ತಿದ್ದರೂ ಕೇಳಿದವರಿಗೆ ‘ರಗಡ ಐತಿ’ ಎಂದೇ ಹೇಳುತ್ತಾರೆ. ಹಾಗೆ ಹೇಳದಿದ್ದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಇದು ಮೈಲೇಶನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹೊಸರಿತ್ತಿಯ ಅವನ ಅವ್ವನೂ ಹಾಗೆಯೇ ಹೇಳುವವಳು. ಹೋಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ಅವನು ಹೋಗಿ ನೋಡಲಿಲ್ಲ.

*

ಸೋಮವಾರ ಐದೂ ಐವತ್ತೈದಕ್ಕೆ ಮೆಟ್ಟಿಲ ಮೇಲೆ ಅದೇ ಹೆಜ್ಜೆ ಸಪ್ಪಳ. ದೀಪಿಕಾ ಅರ್ಧ ಮೆಟ್ಟಿಲಿಗೆ ಇಳಿದು ಅವನನ್ನು ಅಲ್ಲೇ ತಡೆದಳು.

“ನಲವತ್ತೊಂದು ಯಾರ ಪ್ಲಾಟು?”

“ಯಾಕ್ರಿ ಮೇಡಂ? ಅದು ಹೇಳಂಗಿಲ್ಲ…”

“ನಾನ ಹೇಳ್ತೀನಿ ಕೇಳ್ರಿ. ಹಲಗೇರಿ ಭರಮಣ್ಣಂದು. ನಮ್ಮಪ್ಪಂದು!”

ಮೈಲೇಶನ ಕೈಯಲ್ಲಿದ್ದ ಫೈಲು ಜಾರಿತು.

“ನೀವು… ಭರಮಣ್ಣನವರ ಮಗಳಾ? ಧಾರವಾಡದವರು ಅಂತ…”

“ಗೊತ್ತಿತ್ತು ನಿಮಗ! ಗೊತ್ತಿದ್ದ ನನ್ನ ಕೈಲೆ ತಿದ್ದಿಸಿದ್ರಿ! ನಾಳೆ ಯಾರರೆ ಕೇಳಿದ್ರ ಮಗಳ ಬರದಾಳ ಅಂತ ಹೇಳಾಕ!”

“ಇಲ್ರೀ! ದೇವರಾಣೆ ಗೊತ್ತಿರಲಿಲ್ಲ!”

“ಹೋಗ್ಲಿ. ಗಿಡ ಎಲ್ಲಿ ಅದಾವಂತ ಹೋಗಿ ನೋಡಿದ್ರೇನು?”

ಅವನು ತಲೆ ತಗ್ಗಿಸಿದ. “ಇಲ್ಲ.”

“ಯಾಕ?”

ಕೆಳಗೆ ಮಲ್ಲಿಕಸಾಬನ ಹೊಲಿಗೆ ಯಂತ್ರ ನಿಂತಿತ್ತು. ಅವನೂ ಕೇಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ.

“ಯಾಕ ನೋಡಲಿಲ್ಲ ಅಂತ ಕೇಳಾಕತ್ತೇನಿ!”

ಮೈಲೇಶ ಬಾಯಿ ತೆರೆದ. ಮತ್ತೆ ಮುಚ್ಚಿದ. ಆ ಕಾರಣ ಹೇಳಿದರೆ ತನ್ನ ತಪ್ಪನ್ನು ಅವಳ ಮೇಲೆ ಹೊರಿಸಿದಂತಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು.

“ನನ್ನ ತಪ್ಪುರಿ,” ಎಂದ.

“ಇನ್ನ ಮ್ಯಾಲೆ ಕ್ಲಾಸಿಗೆ ಬರಬ್ಯಾಡ್ರಿ.”

ಅವನು ಫೈಲು ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ದೀಪಿಕಾ ಒಳಗೆ ಬಂದು ಪಾಠ ಮಾಡಿದಳು. ಏನು ಪಾಠ ಮಾಡಿದಳೆಂದು ಅವಳಿಗೂ ನೆನಪಿಲ್ಲ, ಹದಿನಾಲ್ಕು ಜನರಿಗೂ ನೆನಪಿಲ್ಲ.

*

ಮಂಗಳವಾರ ಬೆಳಗಾಗುವಷ್ಟರಲ್ಲಿ ಮೈಲೇಶ ಟೇಪು ಹಿಡಿದುಕೊಂಡು ಹಲಗೇರಿಗೆ ಬಂದಿದ್ದ. ಪ್ಲಾಟಿನ ಬದುವಿನಿಂದ ಭರಮಣ್ಣನ ಹಿತ್ತಲಿನವರೆಗೆ ಅಳೆದ. ಆರುನೂರಾ ನಲವತ್ತು ಮೀಟರು. ಕಂಪನಿಯ ನಿಯಮಕ್ಕಿಂತ ಎಷ್ಟೋ ಹೆಚ್ಚು. ಎಣ್ಣೆ ಡಬ್ಬಿಗಳಲ್ಲಿದ್ದ ಗಿಡಗಳನ್ನು ಎಣಿಸಿದ. ಆರು. ಮತ್ತೊಮ್ಮೆ ಎಣಿಸಿದ.

ಭರಮಣ್ಣ ಜಗುಲಿಯ ಮೇಲೆಯೇ ಇದ್ದ. ಆದರೆ ಗೋಡೆಯ ಕಡೆ ತಿರುಗಿ ಕೂತಿದ್ದ. ಬಂದವನ ಮುಖ ನೋಡಲಿಲ್ಲ, ಕುಂದ್ರು ಎನ್ನಲಿಲ್ಲ.

ಮೈಲೇಶ ಅಲ್ಲಿಂದ ನೇರವಾಗಿ ಹಾವೇರಿಯ ಆಫೀಸಿಗೆ ಹೋಗಿ ಪತ್ರ ಕೊಟ್ಟ. ಶುಕ್ರವಾರ ದೊಡ್ಡ ಸಾಹೇಬರು ತಾವೇ ಬಂದು ಅಳೆದು ನೋಡಿ, ಪ್ಲಾಟು ಪಾಸು ಎಂದು ಸಹಿ ಹಾಕಿದರು. ನೋಡದೆ ವರದಿ ಬರೆದವನನ್ನು ಅದೇ ದಿನ ಕೆಲಸದಿಂದ ತೆಗೆದರು.

ಆ ಭಾನುವಾರ ಭರಮಣ್ಣ ಮಗಳ ಮುಂದೆ ಇನ್ನೊಂದು ಕಾಗದ ಹಿಡಿದ. “ಆ ಹುಡುಗ ಬರದಿದ್ದರ ಕಾಪಿ. ಸಾಹೇಬ್ರು ಕೊಟ್ಟು ಹೋದ್ರು. ಓದು.”

ಐದೇ ಸಾಲಿತ್ತು. ಇಂಗ್ಲಿಷು ತಪ್ಪುತಪ್ಪಾಗಿತ್ತು. ಆರು ಗಿಡ. ಡಬ್ಬಿಯಲ್ಲಿವೆ. ಆರುನೂರಾ ನಲವತ್ತು ಮೀಟರು ದೂರ. ಅವತ್ತು ನಾನು ಹೋಗಿ ನೋಡಲಿಲ್ಲ. ತಪ್ಪು ನನ್ನದು, ರೈತನದಲ್ಲ.

ವರದಿಯನ್ನು ಯಾರು ತಿದ್ದಿದರು ಎಂಬುದು ಎಲ್ಲಿಯೂ ಇರಲಿಲ್ಲ.

ದೀಪಿಕಾ ಓದಿ ಹೇಳಿದಳು. ‘ಅಪ್ಪಾ, ಅದರಾಗ ನನ್ನ ಪಾಲೂ ಐತಿ’ ಎನ್ನಬೇಕೆನ್ನಿಸಿತು. ಹೇಳಲಿಲ್ಲ. ಹೆದರಿಕೆಯಾಯಿತು. ಆ ಹುಡುಗನಿಗೆ ಅಪ್ಪ ಬೆನ್ನು ತಿರುಗಿಸಿ ಕೂತದ್ದನ್ನು ಅವ್ವ ಹೇಳಿದ್ದಳು. ತನ್ನ ಕಡೆಯೂ ಹಾಗೆಯೇ ಕೂತರೆ?

*

ಅಕ್ಟೋಬರ್, ನವೆಂಬರ್, ಡಿಸೆಂಬರ್… ಕ್ಲಾಸು ನಡೆಯುತ್ತಲೇ ಇತ್ತು. ಮೊದಲ ಬೆಂಚಿನಲ್ಲಿ ಬೇರೆ ಯಾರೋ ಕೂರತೊಡಗಿದ್ದರು.

‘ನಾ ಕಂಡಿಲ್ಲಲ್ರಿ ಅಂದಿದ್ದ ಅವ… ಬರೀರಿ ಅಂದಾಕಿ ನಾನು…’

ಈ ಮಾತು ದಿನಕ್ಕೊಮ್ಮೆಯಾದರೂ ಅವಳ ತಲೆಯಲ್ಲಿ ಹಾದು ಹೋಗುತ್ತಿತ್ತು. ಅವನಿಗೆ ಕೆಲಸ ಹೋಯಿತು. ತನ್ನ ಮೇಲೆ ಒಂದು ಮಾತೂ ಬರಲಿಲ್ಲ. ಅವನನ್ನು ಹುಡುಕಬೇಕೆನ್ನಿಸುತ್ತಿತ್ತು. ಯಾವ ಮುಖ ಇಟ್ಟುಕೊಂಡು ಹುಡುಕುವುದು? ಜೊತೆಗೆ, ಅಷ್ಟು ದೊಡ್ಡ ವಿಷಯವನ್ನು ನೋಡದೆ ಬರೆದನಲ್ಲ ಎಂಬ ಸಿಟ್ಟೂ ಪೂರ್ತಿ ಆರಿರಲಿಲ್ಲ. ಅತ್ತೆ ಹೊನ್ನವ್ವ ಎರಡು ವರ ನೋಡಿದಳು. ಎರಡಕ್ಕೂ ದೀಪಿಕಾ ಬೇಡವೆಂದಳು.

ಜನವರಿಯ ಒಂದು ಭಾನುವಾರ ಅವ್ವ ಮಗಳು ಅಂಗಳದಲ್ಲಿ ಕೂತು ಒಣಗಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಹಿತ್ತಲಿನ ಆ ಆರು ಗಿಡಗಳ ಕಾಯಿಯೇ. ಜಯವ್ವ ತನ್ನಷ್ಟಕ್ಕೆ ನಕ್ಕಳು.

“ಇದರ ಸಲುವಾಗಿ ಎಷ್ಟು ರಂಪಾಟ ಆತು ನೋಡು. ಪಾಪ, ಆ ಹುಡುಗಂದೂ ಏನ ತಪ್ಪಿಲ್ಲ. ಹಿತ್ತಲಕ್ಕ ಬಾ, ತೋರಸ್ತೀನಿ ಅಂದೆ ನಾ. ಇಲ್ರಿ ಯವ್ವಾ, ಐದೂವರಿ ಬಸ್ಸು ತಪ್ಪತೈತಿ ಅಂದ. ಒಂದ ಸವನ ಗಡಿಯಾರ ನೋಡೂದು! ರಾಣೆಬೆನ್ನೂರಾಗ ಆರಕ್ಕ ಅದೇನೋ ಕ್ಲಾಸ್ ಐತಂತ. ತಡಾ ಆದ್ರ ಒಳಗ ಬಿಡಂಗಿಲ್ಲಂತ.”

ದೀಪಿಕಾಳ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

‘ಯಾಕ ನೋಡಲಿಲ್ಲ?’ ಎಂದು ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ್ದಳು. ಅವನು ಬಾಯಿ ತೆರೆದು ಮುಚ್ಚಿದ್ದ. ಹೇಳಬಹುದಿತ್ತು! ಹೇಳಿದ್ದರೆ ತಪ್ಪು ತನ್ನ ಮೇಲೆ ಬರುತ್ತಿತ್ತು. ಅದಕ್ಕೇ ಹೇಳಲಿಲ್ಲ!

ಅವಳು ಎದ್ದು ಜಗುಲಿಗೆ ಹೋದಳು. ಕಣ್ಣಲ್ಲಿ ನೀರು ಬಂದಿತ್ತು.

“ಅಪ್ಪಾ, ಆ ವರದಿ ತಿದ್ದಿದಾಕಿ ನಾನು.”

ಭರಮಣ್ಣ ತಲೆ ಎತ್ತಿದ.

“ಅವ ನನ್ನ ಕ್ಲಾಸಿಗೆ ಬರ್ತಿದ್ದ. ಮನಿ ಹೆಣ್ಣುಮಗಳು ಹೇಳಿದ್ಲು ಅಂತ ಖರೇ ಬರದಿದ್ದ. ಅದನ್ನ ಹೊಡದು, ಕಂಡುಬಂದಾವ ಅಂತ ಬರೀ ಅಂದಾಕಿ ನಾನು. ನಾ ಕಂಡಿಲ್ಲ ಅಂತಾನೂ ಅಂದ. ನಾ ಕೇಳಲಿಲ್ಲ. ಯಾರ ಪ್ಲಾಟ್ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಅಪ್ಪಾ. ಅವ ನನ್ನ ಹೆಸರು ಎಲ್ಲೂ ಹೇಳಲಿಲ್ಲ.”

ಅಪ್ಪ ಗೋಡೆಯ ಕಡೆ ತಿರುಗುತ್ತಾನೇನೋ ಎಂದು ಅವಳು ನೋಡುತ್ತ ನಿಂತಳು. ತಿರುಗಲಿಲ್ಲ.

“ಅವನ ಕೆಲಸ ಹೋತು,” ಎಂದ ನಿಧಾನವಾಗಿ. “ನಿಂದೇನು ಹೋತು?”

ಅವಳಿಗೆ ಅಳು ತಡೆಯಲಾಗಲಿಲ್ಲ. ಏನು ಹೋಯಿತೆಂದು ಅಪ್ಪನ ಮುಂದೆ ಯಾವ ಬಾಯಿಂದ ಹೇಳುವುದು? ಆದರೆ ಹೇಳಬೇಕಾಗಲಿಲ್ಲ. ಹದಿನೈದು ವರ್ಷ ಬೀಜ ಬೆಳೆದವನಿಗೆ ಸ್ವಂತ ಮಗಳ ಮುಖ ಓದುವುದು ದೊಡ್ಡ ಮಾತಲ್ಲ.

“ಬ್ಯಾಡಗ್ಯಾಗ ಅದಾನ ಅವ,” ಎಂದ ಭರಮಣ್ಣ ಹೊರಗೆ ನೋಡುತ್ತ. “ಮಹಮ್ಮದ್ ಹನೀಫ್‌ರ ದಲಾಲಿ ಅಂಗಡ್ಯಾಗ. ಹ್ವಾದ ವಾರ ಕಂಡೆ. ನಾ ಮಾತಾಡ್ಸಲಿಲ್ಲ. ಮುಂದಿನ ಐತವಾರ ನೀ ಬಂದಾಗ ಅವನೂ ಊಟಕ್ಕ ಬರ್ಲಿ ಅಂತ ಹೇಳು. ಬಂದ್ರ ನಾ ಮಾತಾಡ್ತೀನೋ ಇಲ್ಲೋ, ಅದನ್ನ ಈಗ ಕೇಳಬ್ಯಾಡ.”

*

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಾಟದ ಟೆಂಡರಿನ ದಿನ. ಮಾರುಕಟ್ಟೆಯ ತುಂಬ ಚೀಲ ಬಿಚ್ಚಿ ಸುರಿದ ಕೆಂಪು ರಾಶಿಗಳು. ಗಾಳಿಯೇ ಖಾರವಾಗಿತ್ತು. ಬಸ್ಸಿಳಿದು ಯಾರ್ಡಿನೊಳಗೆ ಕಾಲಿಟ್ಟ ದೀಪಿಕಾಳಿಗೆ ಮೇಲಿಂದ ಮೇಲೆ ಏಳೆಂಟು ಸೀನು ಬಂದವು. ಸೀನು ನಿಲ್ಲುವಷ್ಟರಲ್ಲಿ ಎದುರಿಗೆ ಅವನು ನಿಂತಿದ್ದ.

“ಮೇಡಂ… ನೀವಿಲ್ಲಿ?”

ತೆಳ್ಳಗಾಗಿದ್ದ. ಅಂಗಿಯ ತೋಳಿನ ಮೇಲೆ ಹಳದಿಯ ಬದಲು ಈಗ ಕೆಂಪು ಪುಡಿಯಿತ್ತು. ಅವಳು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ!

“ಅಪ್ಪನ ಮುಂದ ಎಲ್ಲಾ ಹೇಳೇನಿ. ಆ ಸಾಲು ನಂದು ಅಂತ.”

“ಯಾಕ ಹೇಳಾಕ ಹೋದ್ರಿ? ಮುಗದ ಹೋದ ಮಾತು.”

“ನನಗ ಮುಗದಿರಲಿಲ್ಲ.” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ನೀವು ಖರೇ ಬರದಿದ್ರಿ. ನಾ ಅದನ್ನ ಚಂದ ಮಾಡಾಕ ಹೋಗಿ ಸುಳ್ಳು ಮಾಡಿದೆ. ಅದರ ಮ್ಯಾಲೆ ನಿಮಗ ಬೈದೆ. ತಪ್ಪಾತು… ನನ್ನದು ದೊಡ್ಡ ತಪ್ಪಾತು.”

“ನೋಡಬೇಕಾದಾವ ನಾನು. ನೀವಲ್ಲ.”

“ಯಾಕ ನೋಡಲಿಲ್ಲ?”

ಮೈಲೇಶ ಮೆಣಸಿನ ರಾಶಿಯ ಕಡೆ ನೋಡಿದ. “ಪತ್ರದಾಗ ಬರದೇನಲ್ರಿ. ನನ್ನ ತಪ್ಪು ಅಂತ.”

“ತಪ್ಪು ಅಂತ ಬರದೀರಿ. ಯಾಕ ಅಂತ ಬರದಿಲ್ಲ.”

“ಅದು ಕಂಪನಿಗೆ ಹೇಳೂ ಮಾತಲ್ಲ.”

“ಮತ್ತ ಯಾರಿಗೆ ಹೇಳೂ ಮಾತು?”

ಸುತ್ತ ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹನೀಫ್ ಸಾಹೇಬರು ಒಮ್ಮೆ ಇವರ ಕಡೆ ನೋಡಿ, ಏನೋ ಅರ್ಥವಾದವರಂತೆ ಒಳಗೆ ಹೋದರು.

“ಹೊರಗ ನಿಂತ್ರ ನಿಮ್ಮ ದನಿ ಕೇಳಸ್ತೈತ್ರಿ,” ಎಂದ ಮೈಲೇಶ ಮೆಲ್ಲಗೆ. “ಮಾರಿ ಕಾಣಂಗಿಲ್ಲ. ದಿನಾ ಹೊಲದ ಮ್ಯಾಲಿನ ಬಿಸಲಾಗ ತಿರಗ್ಯಾಡಿ, ಸಂಜಿಮುಂದ ಒಂದೂವರಿ ತಾಸು ನಿಮ್ಮ ಮಾರಿ ಕಾಣ್ತಿತ್ತು. ಅವತ್ತು ಅದು ತಪ್ಪಬಾರದು ಅನಿಸ್ತು. ಒಬ್ಬರ ಮನಿ ಅನ್ನದ ಮಾತು ಮರತೆ. ಇಷ್ಟರಿ ಕಾರಣ. ಇಂಥಾದ್ದನ್ನ ನಿಮ್ಮ ಮುಂದ ಹೆಂಗ ಹೇಳ್ಲಿ?”

ದೀಪಿಕಾಳ ಕಣ್ಣಿಂದ ನೀರು ಇಳಿಯಿತು. ಅದರಲ್ಲಿ ಮೆಣಸಿನ ಘಾಟಿನ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವುದು ನಮ್ಮ ಕೆಲಸವಲ್ಲ.

“ನಾಲ್ಕು ತಿಂಗಳಿಂದ ನನಗೂ ನಿಮ್ಮ ಮಾರಿ ಕಂಡಿಲ್ಲ,” ಎಂದಳು. “ನನಗ ಎಷ್ಟು ತ್ರಾಸಾತು ಅಂತ ಕೇಳ್ರಿ!”

ಅವನು ಕೆಂಪು ಪುಡಿಯ ಕೈಯಿಂದ ಕಣ್ಣೊರೆಸಿಕೊಳ್ಳಲು ಹೋದ. ಅವಳು ಗಾಬರಿಯಿಂದ ಅವನ ಮಣಿಕಟ್ಟು ಹಿಡಿದು ತಡೆದಳು.

“ಖಾರದ ಕೈಯಿ! ಕಣ್ಣು ಹೋಗ್ತಾವ!”

ತಡೆದ ಕೈಯನ್ನು ಬಿಡುವುದು ಇಬ್ಬರಿಗೂ ಮರೆತುಹೋಯಿತು.

“ಐತವಾರ ಊಟಕ್ಕ ಕರದಾನ ಅಪ್ಪ.”

“ಖರೇನ?” ಎಂದವನ ದನಿ ಮರುಕ್ಷಣವೇ ಇಳಿಯಿತು. “ಅವತ್ತು ನಿಮ್ಮಪ್ಪ ನನ್ನ ಮಾರೀನೂ ನೋಡಲಿಲ್ಲ. ಐತವಾರ ನೋಡ್ತಾರಂತೀರೇನು?”

“ಅದು ನನಗ ಗೊತ್ತಿಲ್ಲ,” ಎಂದಳು ದೀಪಿಕಾ, ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. “ಅಪ್ಪ ನೋಡದಿದ್ರ ಬಿಡ್ಲಿ. ನಾ ನೋಡ್ತೀನಿ. ನೀ ಬಾ.”